ಬೆಳಕಿನ ಸುತ್ತಿಗೆ

ಭದ್ರಾವತಿಯಲ್ಲಿ ನಲವತ್ತು ವರ್ಷ ಉಕ್ಕಿನ ಎರಕ ತಟ್ಟಿ, ಸದ್ದಿನಲ್ಲೇ ಬಿರುಕು ಪತ್ತೆ ಹಚ್ಚುತ್ತಿದ್ದ ನನ್ನ ಕಿವಿಯನ್ನು ಸೋಲಿಸಿದ್ದು ಯಾರು, ಹೇಳಿ ನೋಡೋಣ? ಒಂದು ಬೆಳಕು!

ವಿಮಾನದ ಕಾರ್ಬನ್ ಫಲಕ ಪರೀಕ್ಷಿಸುವ ಲೇಸರ್ ಯಂತ್ರವನ್ನು ನನ್ನ ತಂಗಿಯ ಮಗಳು ಸುಮಾ ವಿನೋಬನಗರದ ತನ್ನ ವರ್ಕ್‌ಶಾಪಿನಲ್ಲಿ ವಿನ್ಯಾಸ ಮಾಡಿದ್ದಳು. ವಿಮಾನ ಕಂಪನಿಯವರು ಮುಂದಿನ ವಾರ ಅದನ್ನು ನೋಡಲು ಬರುವವರಿದ್ದರು.

ಒಂದು ಫಲಕ ನನ್ನ ಮುಂದಿಟ್ಟು, "ಮಾವ, ದೋಷ ಎಲ್ಲಿದೆ ಅಂತ ಮೊದಲು ನೀವು ತಟ್ಟಿ ಹೇಳಿ" ಎಂದಳು.

ನನ್ನ ಸುತ್ತಿಗೆ ಮನೆಯಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಪೂಜೆಯಾದ ಮೇಲೆ ಅಂದು ಮುಟ್ಟುವಂತಿಲ್ಲ. ನಾಣ್ಯದಿಂದ ತಟ್ಟಿ, "ಒಂದೇ ಕಡೆ ಟೊಳ್ಳು" ಎಂದೆ.

ಯಂತ್ರದ ಒಂದು ಲೇಸರ್ ಫಲಕವನ್ನು ಸದ್ದಿಲ್ಲದೆ ಬಡಿಯಿತು, ಇನ್ನೊಂದು ಲೇಸರ್ ಅದರ ನಡುಕ ಕೇಳಿಸಿಕೊಂಡಿತು. ಪರದೆಯಲ್ಲಿ ಎರಡು ಕಲೆ!

"ಎರಡೂ ನಾನೇ ಒಳಗಿಟ್ಟ ದೋಷ, ಮಾವ! ಹಿಡಿದುಬಿಡ್ತು!"

"ಅಯ್ಯೋ ಮಾರಾಯ್ತಿ, ಬೆಳಕೂ ನನ್ನ ಹಾಗೇ ತಟ್ಟಿ ಕೇಳತ್ತಲ್ಲೇ!"

ಸುತ್ತಿಗೆ ಕೈಲಿದ್ದಿದ್ದರೆ ನಾನೇ ಗೆಲ್ತಿದ್ದೆ ಅಂತ ಈಗಲೂ ಹೇಳ್ಕೊಂಡು ತಿರುಗ್ತೀನಿ. ಏನು ಮಾಡೋದು, ಅದು ನಡೆದದ್ದು ಆಯುಧಪೂಜೆಯ ದಿನ.