ನನ್ನ ಬೀಡಿ ನೋಡದ ಚೆಕ್ಕರ್

ಬೀಡಿ ಕಟ್ಟುವುದು ಕೂತು ಮಾಡುವ ಕೆಲಸ. ಹಾಗಾಗಿ ನಂತೂರಿನ ನಮ್ಮ ಓಣಿಯಲ್ಲಿ ಆ ಕೆಲಸಕ್ಕೆ ನನಗಿಂತ ಯೋಗ್ಯಳು ಇನ್ನೊಬ್ಬಳಿರಲಿಲ್ಲ. ಉಳಿದ ಹೆಂಗಸರು ನಡುನಡುವೆ ಎದ್ದು ಒಲೆ ನೋಡಬೇಕು, ಅಂಗಳದ ಕೋಳಿ ಓಡಿಸಬೇಕು, ಅತ್ತೆ ಕರೆದರೆ ಓಡಬೇಕು. ನಾನೋ ಚಿಕ್ಕಂದಿನಲ್ಲಿ ಜ್ವರ ಬಂದು ಎರಡೂ ಕಾಲಿನ ಬಲ ಕಳೆದುಕೊಂಡವಳು, ಏಳುವ ಪ್ರಶ್ನೆಯೇ ಇರಲಿಲ್ಲ. ಮೊರವನ್ನು ಮಡಿಲಲ್ಲಿಟ್ಟುಕೊಂಡು ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ ಸುತ್ತಿ, ಬಾಯಿ ಮಡಚಿ ನೂಲು ಬಿಗಿದರೆ ನನ್ನ ಬೀಡಿಗಳು ಒಂದೇ ತಾಯಿಯ ಮಕ್ಕಳಂತೆ ಇರುತ್ತಿದ್ದವು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಹೇಳಬೇಕಾದ ಮನುಷ್ಯ ಹೇಳಲಿಲ್ಲ.

ನನ್ನ ಚಕ್ರದ ಕುರ್ಚಿ ಬೊಂಬಾಯಿಯಿಂದ ಹಡಗಿನಲ್ಲಿ ಬಂದದ್ದು. ಅಲ್ಲಿ ಒಬ್ಬ ಸೇಠರ ಮನೆಯಲ್ಲಿ ಅಡುಗೆಗಿದ್ದ ನನ್ನ ಸೋದರಮಾವ, ಆ ಮನೆಯ ಅಜ್ಜಿ ತೀರಿಕೊಂಡ ಮೇಲೆ ಅದನ್ನು ಕೇಳಿ ಪಡೆದು ಕಳಿಸಿದ್ದರು. ಬಂದರಿನಿಂದ ಎತ್ತಿನ ಗಾಡಿಯಲ್ಲಿ ಅದು ನಮ್ಮ ಅಂಗಳಕ್ಕೆ ಬಂದ ದಿನ ಓಣಿಯವರೆಲ್ಲ ನನಗಿಂತ ಮೊದಲು ಅದರಲ್ಲಿ ಕೂತು ನೋಡಿದರು. ಅಲ್ಲಿಯವರೆಗೆ ನಾನು ಕಟ್ಟಿದ ಬೀಡಿಯನ್ನು ಅಮ್ಮ ಬ್ರಾಂಚಿಗೆ ಒಯ್ಯುತ್ತಿದ್ದಳು. ಬ್ರಾಂಚೆಂದರೆ ಬೀಡಿಯ ಎಲೆ, ಹೊಗೆಸೊಪ್ಪು ಕೊಟ್ಟು, ಕಟ್ಟಿದ್ದನ್ನು ತೆಗೆದುಕೊಳ್ಳುವ ಜಾಗ. ನಮ್ಮದು ಪಂಪ್‌ವೆಲ್‌ಗೆ ಇಳಿಯುವ ದಾರಿಯಲ್ಲಿತ್ತು. ಕುರ್ಚಿ ಬಂದ ಮೇಲೆ ನಾನೇ ಹೋಗುತ್ತೇನೆಂದು ಹಟ ಹಿಡಿದೆ. ನೆರೆಯ ಬ್ಯಾರಿ ಮುಸ್ಲಿಮರ ಮನೆಯ ಅಕ್ಕ, ನಮ್ಮೆಲ್ಲರ ಬಾಯಲ್ಲಿ ಬ್ಯಾರಿ ಅಕ್ಕ, ಅವಳೂ ಬೀಡಿ ಕೊಡಲು ಹೋಗುವವಳೇ. ಹೋಗುವಾಗ ಇಳಿಜಾರಿನಲ್ಲಿ ಅವಳು ನನ್ನನ್ನು ಹಿಂದಿನಿಂದ ಹಿಡಿದುಕೊಳ್ಳುತ್ತಿದ್ದಳು, ಬರುವಾಗ ಏರಿನಲ್ಲಿ ತಳ್ಳುತ್ತಿದ್ದಳು, ಎರಡೂ ಹೊತ್ತು ಬೈಯುತ್ತಿದ್ದಳು.

ಬ್ರಾಂಚಿನಲ್ಲಿ ಒಬ್ಬ ಚೆಕ್ಕರ್ ಇದ್ದ. ಮದುವೆಗೆ ಮೊದಲಿನ ಸಂಗತಿಯಾದ್ದರಿಂದ ಸದ್ಯಕ್ಕೆ ಏಕವಚನದಲ್ಲೇ ಬರೆಯುತ್ತೇನೆ. ಚೆಲುವನೇನಲ್ಲ, ಕಿವಿ ಸ್ವಲ್ಪ ದೊಡ್ಡದು. ಒಬ್ಬೊಬ್ಬರ ಬೀಡಿಯ ಕಟ್ಟನ್ನು ಎತ್ತಿ ಬಾಯಿ ನೋಡಿ, ಬೆರಳಲ್ಲಿ ಒತ್ತಿ ನೋಡಿ, ಸಡಿಲವಾದದ್ದನ್ನು ಎಳೆದು ಪಕ್ಕದ ಬುಟ್ಟಿಗೆ ಎಸೆಯುವುದು ಅವನ ಕೆಲಸ. ಎಸೆದದ್ದು ಲೆಕ್ಕಕ್ಕಿಲ್ಲ. ಆದ್ದರಿಂದ ಹೆಂಗಸರೆಲ್ಲ ಅವನನ್ನು ಬಾಯಿತುಂಬ "ಅಣ್ಣಾ, ಅಣ್ಣಾ" ಎಂದು ಕರೆಯುತ್ತಿದ್ದರು. ನಾನೊಬ್ಬಳು ಕರೆಯಲಿಲ್ಲ. ಎಷ್ಟು ಪ್ರಯತ್ನಿಸಿದರೂ ಆ ಶಬ್ದ ನನ್ನ ಗಂಟಲಿನಿಂದ ಮೇಲೆ ಬರಲಿಲ್ಲ. ಬ್ಯಾರಿ ಅಕ್ಕ ಇದನ್ನು ಗಮನಿಸಿದ್ದಳೆಂದು ಆಮೇಲೆ ತಿಳಿಯಿತು.

ಆ ಚೆಕ್ಕರ್ ನನ್ನ ಬೀಡಿಯನ್ನು ಮಾತ್ರ ನೋಡುತ್ತಿರಲಿಲ್ಲ. ಕಟ್ಟು ಎತ್ತುತ್ತಿದ್ದ, ಹಾಗೆಯೇ ಆಚೆ ಇಡುತ್ತಿದ್ದ. ಒತ್ತುವುದಿಲ್ಲ, ಬಾಯಿ ನೋಡುವುದಿಲ್ಲ, ಬುಟ್ಟಿಗೆ ಒಂದೂ ಬೀಳುವುದಿಲ್ಲ. ಮೊದಲು ನನ್ನ ಕೈಗುಣವೆಂದು ಬೀಗಿದೆ. ಆಮೇಲೆ ಸಂಶಯ ಬಂತು. ಚಿಕ್ಕಂದಿನಿಂದ ಹೋದಲ್ಲೆಲ್ಲ "ಪಾಪ" ಎಂಬ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಇವನೂ ಅದನ್ನೇ ಬಾಯಿಬಿಡದೆ ಹೇಳುತ್ತಿದ್ದಾನೆ ಅನಿಸಿತು.

"ಎಲ್ಲ ಪಾಸಾಗ್ತದಲ್ಲ, ನಿನಗೆ ಎಂತ ಕಷ್ಟ?" ಎಂದಳು ಬ್ಯಾರಿ ಅಕ್ಕ.

ಕಷ್ಟ ಇಷ್ಟೇ: ಅವನು ನನಗೆ ಇಷ್ಟವಾಗಿದ್ದ. ಇಷ್ಟವಿಲ್ಲದವನ ಕನಿಕರವನ್ನು ಹೇಗೋ ನುಂಗಬಹುದು, ಇಷ್ಟವಾದವನದ್ದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನನಗೆ ಗೊತ್ತಾಗಬೇಕಿತ್ತು, ಅದು ಕನಿಕರವೋ ಬೇರೆಯೋ ಎಂದು.

ಒಂದು ದಿನ ಬೇಕೆಂದೇ ಒಂದು ಕಟ್ಟು ಕೆಟ್ಟ ಬೀಡಿ ಕಟ್ಟಿದೆ. ಒಳ್ಳೆಯ ಕೈಗೆ ಕೆಟ್ಟ ಬೀಡಿ ಕಟ್ಟುವುದು ಎಷ್ಟು ಕಷ್ಟವೆಂದು ಆವತ್ತು ತಿಳಿಯಿತು. ಕೆಲವಕ್ಕೆ ಹೊಗೆಸೊಪ್ಪೇ ಹಾಕಲಿಲ್ಲ, ಕೆಲವಕ್ಕೆ ಬಾಯಿ ಮಡಚಲಿಲ್ಲ, ನೂಲನ್ನು ಊದಿದರೆ ಬಿಚ್ಚುವ ಹಾಗೆ ಸುತ್ತಿದೆ. ಅದನ್ನೇ ಎಲ್ಲಕ್ಕಿಂತ ಮೇಲಿಟ್ಟು ಕೊಟ್ಟೆ. ಅವನು ಎತ್ತಿದ. ಆಚೆ ಇಟ್ಟ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕೈ ಚಾಚಿ ಆ ಕಟ್ಟನ್ನು ಎಳೆದು ಬಿಚ್ಚಿ ಅವನ ಮೇಜಿನ ಮೇಲೆ ಸುರಿದೆ. "ಇದು ಬೀಡಿಯಾ? ನೋಡಿ ಹೇಳಿ ಒಮ್ಮೆ."

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಅವನು ನೋಡಿದ. ಕಿವಿ ಎರಡೂ ಕೆಂಪಾದವು. "ಅಲ್ಲ," ಎಂದ.

"ಮತ್ತೆ ಎಂತಕ್ಕೆ ಪಾಸು ಮಾಡಿದ್ದು? ನನ್ನ ಕಾಲು ನೋಡಿಯಾ?"

"ಕಾಲು ನಾನೆಲ್ಲಿ ನೋಡಿದೆ?"

"ಬೀಡಿ ನೋಡಿದ್ರಾ?"

"ಅದೂ ಇಲ್ಲ."

"ಮತ್ತೆ ಇಷ್ಟು ದಿನ ಎಂತ ನೋಡ್ತಾ ಇದ್ರಿ?"

ಅವನು ತಲೆ ತಗ್ಗಿಸಿದ. ಹಿಂದೆ ನಿಂತಿದ್ದ ಬ್ಯಾರಿ ಅಕ್ಕ ಗೊಳ್ಳೆಂದು ನಕ್ಕಳು. "ಅದನ್ನು ಇನ್ನು ಬಿಡಿಸಿ ಹೇಳ್ಬೇಕಾ ಮಾರಾಯ್ತಿ?" ಎಂದು ಕುರ್ಚಿಯನ್ನು ತಿರುಗಿಸಿಯೇ ಬಿಟ್ಟಳು. ಏರು ಹತ್ತುವಷ್ಟು ಹೊತ್ತೂ ನಕ್ಕಳು, ಆವತ್ತು ಬೈಯಲು ಮರೆತಳು.

ನಾನು ಅಷ್ಟು ಬೇಗ ಒಪ್ಪುವವಳಲ್ಲ. ಕನಿಕರದವರೂ ಮುಖ ನೋಡುತ್ತಾರೆ, ಅದೇನು ಹೊಸತಲ್ಲ. ಆದರೆ ಮರುದಿನದಿಂದ ಅವನು ನನ್ನ ಒಂದೊಂದೇ ಬೀಡಿಯನ್ನು ವಜ್ರದ ವ್ಯಾಪಾರಿಯ ಹಾಗೆ ನೋಡತೊಡಗಿದ. ಒಂದು ಹಿಡಿ ಬುಟ್ಟಿಗೆ ಬಿತ್ತು. ಹೆಂಗಸರು ಅವನ ಮೇಲೆ ಹರಿಹಾಯ್ದರು. "ಪಾಪದ ಹುಡುಗಿ ಅಣ್ಣಾ, ನಿಮಗೆ ಕರುಳು ಉಂಟಾ ಇಲ್ವಾ?" ನನಗೊಬ್ಬಳಿಗೆ ಹಬ್ಬ. ಬುಟ್ಟಿಯಿಂದ ಬೀಡಿ ಹೆಕ್ಕಿ "ಇದರಲ್ಲಿ ಎಂತ ತಪ್ಪುಂಟು?" ಎಂದು ನಾನು, "ಸೊಂಟ ನೋಡಿ, ದಪ್ಪ" ಎಂದು ಅವನು. ಮಳೆಗಾಲವಿಡೀ ನಮ್ಮ ಪ್ರೇಮ ನಡೆದದ್ದು ಹೀಗೆ, ಜಗಳದಲ್ಲಿ, ಎಲ್ಲರ ಎದುರಿಗೆ. ಆಮೇಲಾಮೇಲೆ ಹೆಂಗಸರು ತಮ್ಮ ಸರದಿ ಬಿಟ್ಟುಕೊಟ್ಟು ನಿಂತು ನೋಡುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಅವನು ತನ್ನ ಅಕ್ಕನನ್ನು ಕರೆದುಕೊಂಡು ಹೆಣ್ಣು ಕೇಳಲು ಬಂದ. ಅಮ್ಮನಿಗೆ ಗಾಬರಿ. ಎಲೆ ಅಡಿಕೆಯ ತಟ್ಟೆ ಮುಂದಿಟ್ಟು ನೇರವಾಗಿ ಕೇಳಿದಳು: "ಕನಿಕರದಿಂದ ಕೇಳುವುದಾದ್ರೆ ಬೇಡ ಮಗಾ. ಅದು ತುಂಬಾ ದಿನ ಬಾಳಿಕೆ ಬರುವುದಿಲ್ಲ."

ಅವನು ಬಾಯಿ ತೆರೆಯುವ ಮೊದಲೇ ಅವನ ಅಕ್ಕ ಹೇಳಿದಳು: "ನಿಮ್ಮ ಮಗಳ ಬಾಯಿಯ ಸುದ್ದಿ ಪಂಪ್‌ವೆಲ್‌ವರೆಗೂ ಬಂದುಂಟು. ಕನಿಕರ ಬೇಕಾದದ್ದು ನನ್ನ ತಮ್ಮನಿಗೆ."

ಹಾಗೆ ಮದುವೆಯಾಯಿತು, ನಮ್ಮದೇ ಅಂಗಳದ ಚಪ್ಪರದಲ್ಲಿ. ಇನ್ನು ಮುಂದೆ ಆ ‘ಅವನು’ ನನಗೆ ‘ಅವರು’. ಧಾರೆಯಾದ ಮೇಲೆ ಮುಯ್ಯಿ ಮಾಡಲು ಬಂದವರೆಲ್ಲ ನನ್ನ ತಲೆಗೆ ಅಕ್ಕಿಕಾಳು ಹಾಕಿ ನನ್ನ ಗಂಡನ ಕೈ ಹಿಡಿದುಕೊಂಡರು. "ದೊಡ್ಡ ಮನಸ್ಸು ನಿನ್ನದು." "ಒಂದು ಹೆಣ್ಣಿಗೆ ಬಾಳು ಕೊಟ್ಟೆ." ಅವರು ಎಲ್ಲರಿಗೂ ನಕ್ಕು ತಲೆಯಾಡಿಸಿದರು. ಆ ನಗು ನನ್ನ ಎದೆಗೆ ಮುಳ್ಳಾಗಿ ಚುಚ್ಚಿತು. ಅಲ್ಲವೆಂದು ಒಬ್ಬರಿಗಾದರೂ ಹೇಳಬಾರದೇ?

ನಂತೂರಿನಲ್ಲೇ ಹೂಡಿದ ನಮ್ಮ ಮನೆಯಲ್ಲಿ ಇನ್ನೊಂದು ಕಥೆ. ಬ್ರಾಂಚಿನಲ್ಲಿ ಅಷ್ಟು ಜಗಳವಾಡಿದ ಮನುಷ್ಯ ಮದುವೆಯಾದದ್ದೇ ತಡ ಬೆಣ್ಣೆಯಾದರು. ಏನು ಹೇಳಿದರೂ "ಆಯ್ತು". ನಾನು ಕೂತಲ್ಲೇ ಮಾಡಿದ ಉಪ್ಪಿಲ್ಲದ ಸಾರನ್ನು ಮಾತಿಲ್ಲದೆ ಉಂಡರು. ಬೀಡಿ ಬಿಟ್ಟು ಈಗ ಸಾರು ಪಾಸು ಮಾಡಲು ತೊಡಗಿದ್ದಾರೆ ಎಂದುಕೊಂಡೆ. ಹೊರಗೆ ಹೋಗುವಾಗಲೂ ಅಷ್ಟೆ. ಆ ಕಾಲದಲ್ಲಿ ಗಂಡ ಮುಂದೆ ಬೀಸಾಗಿ ನಡೆಯುವುದು, ಹೆಂಡತಿ ಹಿಂದೆ ಓಡಿಕೊಂಡು ಬರುವುದು ಪದ್ಧತಿ. ನಮ್ಮಲ್ಲಿ ತಿರುಗುಮುರುಗು: ನಾನು ಮುಂದೆ ರಾಣಿಯಂತೆ, ಅವರು ಹಿಂದೆ ತಳ್ಳಿಕೊಂಡು. "ಹೆಂಡತಿಯ ಹಿಂದೆ ಹೋಗುವವ" ಎಂದು ಅವರ ಗೆಳೆಯರು ನಗುತ್ತಿದ್ದರು. ಅದಕ್ಕೂ ಅವರು ಸಿಟ್ಟಾಗಲಿಲ್ಲ. ಸಿಟ್ಟೇ ಬಾರದ ಗಂಡನ ಜೊತೆ ಬದುಕುವುದು ಎಷ್ಟು ಭಯದ ಕೆಲಸವೆಂದು ಬೇರೆಯವರಿಗೆ ಹೇಳಿದರೆ ನಗುತ್ತಿದ್ದರು. ನನಗೋ, ಅಮ್ಮ ಹೇಳಿದಂತೆ ಕನಿಕರ ಮುಗಿಯುವ ದಿನ ಬಂದೇಬಿಡುತ್ತದೆಂಬ ಹೆದರಿಕೆ.

ಮದುವೆಯಾಗಿ ವರ್ಷ ಕಳೆದಿತ್ತು. ಪಂಪ್‌ವೆಲ್ ಹತ್ತಿರ ಅವರ ನೆಂಟರ ಮನೆಯಲ್ಲಿ ಮಗುವಿನ ತೊಟ್ಟಿಲು ಹಾಕುವ ಊಟ. ಅಲ್ಲಿಯೂ ಒಬ್ಬರು ಅವರ ಬೆನ್ನು ತಟ್ಟಿ "ಪುಣ್ಯವಂತ" ಎಂದರು. ಅವರು ಎಂದಿನಂತೆ ನಕ್ಕರು. ಮಧ್ಯಾಹ್ನದ ಬಿಸಿಲಿನಲ್ಲಿ ಏರು ಹತ್ತಿ ಮನೆಗೆ ಬರುವಾಗ ನನ್ನಿಂದ ತಡೆಯಲಾಗಲಿಲ್ಲ.

"ಪುಣ್ಯವಂತರೇ, ಸ್ವಲ್ಪ ಜೋರಾಗಿ ತಳ್ಳಿ," ಎಂದೆ. "ಸ್ವರ್ಗ ಇನ್ನೂ ದೂರ ಉಂಟು."

ಕುರ್ಚಿ ನಿಂತಿತು. ರಸ್ತೆ ಬದಿಯ ಎರಡು ಕಲ್ಲು ಕಾಲಿನಲ್ಲೇ ಎಳೆದು ಎರಡೂ ಚಕ್ರಕ್ಕೆ ಅಡ್ಡ ಕೊಟ್ಟು, ಅವರು ನನ್ನ ಮುಂದೆ ಬಂದು ನಿಂತರು. ಕಿವಿ ಕೆಂಪಾಗಿತ್ತು.

"ಒಂದು ವರ್ಷದಿಂದ ಕೇಳ್ತಾ ಇದ್ದೇನೆ ನಿನ್ನ ಈ ಚುಚ್ಚು ಮಾತು! ಅವರಿಗೆಲ್ಲ ಎಂತ ಹೇಳ್ಬೇಕು ನಾನು? ಇವಳು ದಿನಾ ನನ್ನ ಜೀವ ತಿಂತಾಳೆ ಅಂತ ಹೇಳ್ಬೇಕಾ? ನಿನ್ನ ಸಾರು ಬಾಯಿಗಿಡ್ಲಿಕ್ಕೆ ಆಗುವುದಿಲ್ಲ, ಗೊತ್ತುಂಟಾ ನಿನಗೆ? ಹೊಸ ಮದುವೆ ಅಂತ ಸುಮ್ಮನಿದ್ದೆ. ಇನ್ನು ನನ್ನಿಂದ ಆಗುವುದಿಲ್ಲ. ನಾನು ಇಲ್ಲೇ ಕೂತ್ಕೊಳ್ತೇನೆ. ಬೇಕಾದ್ರೆ ನೀನೇ ಹತ್ತಿಕೊಂಡು ಹೋಗು!"

ಹೇಳಿದಂತೆಯೇ ರಸ್ತೆ ಬದಿಯ ಕೆಂಪುಕಲ್ಲಿನ ಕಟ್ಟೆಯ ಮೇಲೆ ನನಗೆ ಬೆನ್ನು ಹಾಕಿ ಕೂತುಬಿಟ್ಟರು. ನಾನೂ ಬಿಡಲಿಲ್ಲ. ಚಕ್ರ ಹಿಡಿದು ಮುಂದೆ ತಳ್ಳಿದೆ. ಒಂದು ಗೇಣು ಹತ್ತಿದ ಕುರ್ಚಿ ಮತ್ತೆ ಹಿಂದೆ ಜಾರಿ ಕಲ್ಲಿಗೆ ಒರಗಿತು. "ಓ ಇವರೇ," ಎಂದೆ.

ಅಷ್ಟರಲ್ಲಿ ಕೊಡೆ ಹಿಡಿದ ಒಬ್ಬ ಮುದುಕರು ಕೆಳಗಿನಿಂದ ಹತ್ತಿ ಬಂದರು. ನನ್ನನ್ನು ನೋಡಿದರು, ಕಟ್ಟೆಯ ಮೇಲೆ ಕೂತ ನನ್ನ ಗಂಡನನ್ನು ನೋಡಿದರು.

"ನಿನ್ನ ಹೆಂಡತಿಯಾ ಇವಳು?"

"ಹೌದು."

"ಪಾಪದ ಹೆಂಗಸನ್ನು ಬಿಸಿಲಿನಲ್ಲಿ ಬಿಟ್ಟು ಕೂತಿದ್ದೀಯಲ್ಲ ಮಾರಾಯ. ಇವಳ ಮೇಲೆ ನಿನಗೆ ಸ್ವಲ್ಪವೂ ಕನಿಕರ ಇಲ್ವಾ?"

ಅವರು ತಿರುಗಿಯೂ ನೋಡಲಿಲ್ಲ. "ಇಲ್ಲ," ಎಂದರು. "ಒಂದು ಚೂರೂ ಇಲ್ಲ. ಯಾವಾಗಲೂ ಇರ್ಲಿಲ್ಲ."

ಯಾರನ್ನೂ ಮೆಚ್ಚಿಸಲು ಆಡಿದ ಮಾತಲ್ಲ ಅದು. ನನ್ನನ್ನು ಮೆಚ್ಚಿಸಲಂತೂ ಅಲ್ಲವೇ ಅಲ್ಲ. ಬಂದ ನಗು ಮುಚ್ಚಲು ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅಳುತ್ತಿದ್ದೇನೆಂದು ತಿಳಿದು ಮುದುಕರು ಕೊಡೆ ಮಡಚಿ ಕಂಕುಳಲ್ಲಿಟ್ಟು ಕುರ್ಚಿಗೆ ಕೈ ಹಾಕಿದರು. "ಅಳಬೇಡ ಮಗಳೇ, ನಾನು ತಳ್ತೇನೆ."

"ಬೇಡ ಅಜ್ಜ, ನೀವು ಹೋಗಿ," ಎಂದೆ. "ಅವರಿಗೆ ಸಿಟ್ಟು ಬಂದುಂಟು. ಅದು ಇಳಿಯುವವರೆಗೆ ನಾನು ಇಲ್ಲೇ ಇರ್ತೇನೆ."