ಬೆದರಿಕೆ ಪತ್ರದ ಕಚೇರಿ ಪ್ರತಿ

ಪೊಲೀಸ್ ಕಚೇರಿಯ ನೆಲಮಹಡಿಯಲ್ಲಿ, ಹಳೆಯ ಕಡತಗಳ ಕೋಣೆಗೂ ಕೈತೊಳೆಯುವ ಜಾಗಕ್ಕೂ ನಡುವೆ, ಒಂದೇ ಕಿಟಕಿಯ ಕೋಣೆಯಿದೆ. ಕಿಟಕಿ ತೆರೆದರೆ ವಶಪಡಿಸಿಕೊಂಡ ಸೈಕಲ್ಲುಗಳ ರಾಶಿ. ಕೆಲವು ಸೈಕಲ್ಲುಗಳ ಒಡೆಯರು ಸತ್ತೇ ಹೋಗಿದ್ದಾರೆ, ಸೈಕಲ್ಲಿಗೆ ಮಾತ್ರ ಬಿಡುಗಡೆಯಾಗಿಲ್ಲ. ಈ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೂತವರು ಲಕ್ಷಣದ ಮೇಷ್ಟರು. ಅವರು ಯಾರಿಗೂ ಪಾಠ ಹೇಳಿದವರಲ್ಲ. ದಪ್ಪ ಕನ್ನಡಕ, ಒಣಕೆಮ್ಮು, ಯಾರ ಮಾತನ್ನೂ ಪೂರ್ತಿ ನಂಬದ ಮುಖ, ಇಷ್ಟನ್ನು ನೋಡಿ ಪೇದೆಗಳು ಇಟ್ಟ ಹೆಸರು ಅದು.

ಅವರ ಕೆಲಸ ಇಷ್ಟೇ. ಅಪರಾಧಿ ಸಿಕ್ಕದ ಕೇಸಿನ ಕಡತ ಅವರ ಮೇಜಿಗೆ ಬರುತ್ತದೆ. ಅದನ್ನು ಓದಿ, ಫೋಟೋ ನೋಡಿ, ಮಾಡಿದವನು ಎಂಥವನಿರಬಹುದು ಎಂದು ಒಂದು ಹಾಳೆ ಬರೆದುಕೊಡಬೇಕು. ವಯಸ್ಸೆಷ್ಟು, ಓದೆಷ್ಟು, ಸಿಟ್ಟಿನಿಂದ ಮಾಡಿದನೋ ಲೆಕ್ಕ ಹಾಕಿ ಮಾಡಿದನೋ, ಬಾಗಿಲು ಬಡಿದು ಬಂದನೋ ಮುರಿದು ಬಂದನೋ. ಅದಕ್ಕೆ ಲಕ್ಷಣ ಹಾಳೆ ಎಂದು ಹೆಸರು. ಒಮ್ಮೆ ಒಬ್ಬ ಕಳ್ಳ ಕಪಾಟು ಜಾಲಾಡಿದ ಮೇಲೆ ಹಾಸಿಗೆಯ ಚಾದರವನ್ನು ಮೂಲೆ ಮಡಿಸಿ ಹೊದಿಸಿ ಹೋಗಿದ್ದ. ಇವನು ಲಾಡ್ಜಿನಲ್ಲಿ ಕೆಲಸ ಮಾಡಿದವನು ಎಂದು ಮೇಷ್ಟರು ಬರೆದರು. ಹೌದಾಗಿತ್ತು. ಪತ್ರಿಕೆಯವರು ಅವರ ಫೋಟೋ ಹಾಕಿದರು.

ಮನೆಯಲ್ಲಿ ಈ ಕೀರ್ತಿ ನಡೆಯುತ್ತಿರಲಿಲ್ಲ.

"ಕಂಡವರ ಮನಸ್ಸೆಲ್ಲ ಇವನಿಗೆ ಗೊತ್ತಂತೆ. ಗ್ಯಾಸ್ ಮುಗಿದು ಎರಡು ದಿನ ಆಯ್ತು, ಅದು ಗೊತ್ತಾಗ್ಲಿಲ್ಲ," ಎನ್ನುತ್ತಿದ್ದರು ಅವರ ತಾಯಿ. ಈ ಅಜ್ಜಿಗೆ ಮಂಡಿ ನೋವು, ನಾಲಿಗೆಗೆ ಯಾವ ನೋವೂ ಇರಲಿಲ್ಲ. ಹೆಂಡತಿ ಶಾಲೆಯೊಂದರ ಗ್ರಂಥಾಲಯದಲ್ಲಿದ್ದರು. ಒಬ್ಬಳೇ ಮಗಳು ನರ್ಸಿಂಗ್ ಓದುತ್ತಿದ್ದಳು. ಬೆಳಿಗ್ಗೆ ಆರೂ ಹತ್ತರ ಬಸ್ಸು ಹಿಡಿದು ಆಸ್ಪತ್ರೆಗೆ ತರಬೇತಿಗೆ ಹೋಗುತ್ತಿದ್ದಳು.

ಪತ್ರಿಕೆಯವರು ಬರೆಯದ ಒಂದು ವಿಷಯವಿದೆ. ಬರೆಯದೆ ಇದ್ದದ್ದಕ್ಕೆ ಅವರಿಗೆ ನಾಚಿಕೆಯಾಗಬೇಕು, ಆಗುವುದಿಲ್ಲ. ಲಕ್ಷಣ ಹಾಳೆಗಳಲ್ಲಿ ಎಷ್ಟೋ ಹಾಳೆಗಳು ಆರೋಪಿ ಸಿಕ್ಕ ಮೇಲೆ ಬರೆದಂಥವು. ಕ್ರಮ ಹೀಗೆ: ಮೊದಲು ಒಬ್ಬನನ್ನು ಎಳೆದು ತರುವುದು. ಆಮೇಲೆ ಕಚೇರಿಯ ದೊಡ್ಡವರು, ಎಂದರೆ ಮೇಷ್ಟರ ಮೇಲಧಿಕಾರಿ, ಮೇಷ್ಟರನ್ನು ಕರೆದು "ತಾವು ಬುದ್ಧಿವಂತರು, ಒಂದು ಸಲ ಲಾಕಪ್ ಕಡೆ ಹೋಗಿ ಬನ್ನಿ," ಎನ್ನುವುದು. ಮೇಷ್ಟರು ಹೋಗಿ ಸರಳಿನಾಚೆ ಕೂತವನನ್ನು ನೋಡಿ ಬಂದು ಬರೆಯುತ್ತಿದ್ದರು: ಎಡಗೈ ಬಳಸುವವನು, ಒಂಟಿ, ಕಾಯಂ ಕೆಲಸವಿಲ್ಲ, ಯಾರೊಂದಿಗೂ ಬೆರೆಯುವುದಿಲ್ಲ. ಕೆಳಗೆ ಮೂರು ದಿನ ಹಿಂದಿನ ದಿನಾಂಕ. ನ್ಯಾಯಾಲಯದಲ್ಲಿ ಹಾಳೆಯನ್ನೂ ಮನುಷ್ಯನನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಎರಡೂ ತಾಳೆಯಾಗುತ್ತಿದ್ದವು. ಆಗದೆ ಏನು? ನೋಡಿಕೊಂಡು ಬರೆದ ಚಿತ್ರ ಅದು. ಇಂಥ ಹಾಳೆಗಳು ನಲವತ್ತೊಂದು. ಲಾಡ್ಜಿನ ಕಳ್ಳನ ಹಾಳೆ ನಿಜವಾದದ್ದು, ಅದರ ಬೆನ್ನ ಮೇಲೆ ಕೂತು ಈ ನಲವತ್ತೊಂದೂ ದಾಟಿಹೋದವು.

ಅಂಚೆ ಕಚೇರಿಯಿಂದ ನಿವೃತ್ತಳಾದ ಒಬ್ಬ ಒಂಟಿ ಹೆಂಗಸು ಹೋದ ವರ್ಷ ತನ್ನ ಮನೆಯಲ್ಲೇ ಕೊಲೆಯಾದಳು. ಕಡತ ಮೇಷ್ಟರಿಗೆ ಬಂದಾಗ ಯಾರೂ ಸಿಕ್ಕಿರಲಿಲ್ಲ. ಹಾಗಾಗಿ ಅವರು ನಿಜವಾಗಿಯೇ ಬರೆದರು: ಬಂದವನು ಮುಂಬಾಗಿಲಿನಿಂದ ಬಂದಿದ್ದಾನೆ. ಆಕೆ ಅವನಿಗೆ ಒಳ್ಳೆಯ ಲೋಟದಲ್ಲಿ ಕುಡಿಯಲು ಕೊಟ್ಟಿದ್ದಾಳೆ. ಹೋಗುವಾಗ ಲೋಟ ತೊಳೆದಿಟ್ಟಿದ್ದಾನೆ. ಚಿನ್ನ ಮುಟ್ಟಿಲ್ಲ, ಮನೆಯ ಕಾಗದಪತ್ರದ ಪೆಟ್ಟಿಗೆ ಮುಟ್ಟಿದ್ದಾನೆ. ಸಂಬಂಧಿಕ, ಅನುಕೂಲಸ್ಥ.

ಈ ಲಕ್ಷಣಕ್ಕೆ ಸರಿಹೊಂದುವ ಒಬ್ಬನೇ ಒಬ್ಬನಿದ್ದ, ಆಕೆಯ ಅಣ್ಣನ ಮಗ. ಅವನು ದಿನಾ ಬೆಳಿಗ್ಗೆ ದೊಡ್ಡವರ ಜೊತೆ ಪಾರ್ಕಿನಲ್ಲಿ ವಾಕಿಂಗ್ ಮಾಡುವವನು.

ಎರಡು ದಿನದಲ್ಲಿ ನೀರಿನ ಕ್ಯಾನ್ ಹಾಕುವವನನ್ನು ಹಿಡಿದು ತಂದರು. ಮೇಷ್ಟರ ಹಾಳೆ ದೊಡ್ಡವರ ಕೋಣೆಯಿಂದ ವಾಪಸು ಬಂತು. ಜೊತೆಗೇ ಕರೆಯೂ ಬಂತು.

"ತಾವು ಬುದ್ಧಿವಂತರು. ಇನ್ನೊಂದು ಹಾಳೆ ಬರೀರಿ. ಒಂದ್ಸಲ ಆ ಕಡೆ ಹೋಗಿ ಬನ್ನಿ."

ಮೇಷ್ಟರು ಹೋದರು. ಸರಳಿನಾಚೆ ಕೂತವನ ತುಟಿ ಊದಿತ್ತು. ಅವನು ಇವರನ್ನು ಕಂಡು ಎದ್ದು ನಿಂತ. ಅವರ ಬೀದಿಗೂ ಕ್ಯಾನ್ ಹಾಕುತ್ತಿದ್ದವನು ಅವನೇ.

"ಸಾರ್, ನಿಮ್ಮನೇಗೆ ಈಗ ಯಾರು ನೀರು ಹಾಕ್ತಿದಾರೆ?"

"ಯಾರೂ ಇಲ್ಲ."

"ಅಜ್ಜಿ ಕೈಲಿ ಎತ್ತಿಸ್ಬೇಡಿ ಸಾರ್. ಅವರ ಮಂಡಿ ಸರಿಯಿಲ್ಲ."

ತಾನು ನಿರಪರಾಧಿ ಎಂದು ಅವನು ಹೇಳಲಿಲ್ಲ. ಅದನ್ನು ಹೇಳಿ ಹೇಳಿ ತುಟಿ ಊದಿಸಿಕೊಂಡಿದ್ದ. ಮೇಷ್ಟರು ಮೆಟ್ಟಿಲು ಹತ್ತಿ ದೊಡ್ಡವರ ಬಳಿ ಹೋಗಿ "ಆಗಲ್ಲ ಸಾರ್," ಎಂದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ದೊಡ್ಡವರು ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರು ಮಾಡಿಕೊಳ್ಳುವುದು ಅವರ ಪದ್ಧತಿಯಲ್ಲ.

ನಾಲ್ಕನೇ ದಿನ ಮನೆಯ ಬಾಗಿಲ ಕೆಳಗೆ ಒಂದು ಲಕೋಟೆ ತೂರಿತ್ತು. ಸಹಿಯಿಲ್ಲ. ಒಳಗೆ ಟೈಪ್ ಹೊಡೆದ ಅಕ್ಷರದಲ್ಲಿ ಹೀಗಿತ್ತು:

"೧. ತಮ್ಮ ಮಗಳು ಬೆಳಿಗ್ಗೆ ಆರೂ ಹತ್ತರ ಬಸ್ಸಿಗೆ ಒಬ್ಬಳೇ ಹೋಗುತ್ತಿರುವುದು ಗಮನಕ್ಕೆ ಬಂದಿದೆ. ೨. ಬಸ್ ನಿಲ್ದಾಣದಲ್ಲಿ ದೀಪ ಇಲ್ಲದಿರುವುದೂ ಗಮನಕ್ಕೆ ಬಂದಿದೆ. ೩. ಏನಾದರೂ ಆದಲ್ಲಿ ಅದಕ್ಕೆ ತಾವೇ ಹೊಣೆ. ೪. ಆದ್ದರಿಂದ ಕೇಳಿದ್ದನ್ನು ಬರೆದುಕೊಡುವುದು."

ಹೆಂಡತಿ ಓದಿ ಬಾಗಿಲ ಚಿಲಕ ಹಾಕಿದರು. ಅಜ್ಜಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಇದೇನೋ ಇದು, ಹೆದರಿಸೋದಕ್ಕೂ ನಂಬರ್ ಹಾಕಿದಾನೆ?"

ಮಗಳನ್ನು ಬಸ್ಸಿಗೆ ಬಿಡಲು ಮರುದಿನದಿಂದ ಮೇಷ್ಟರೇ ಹೋದರು. ಮೂರನೇ ದಿನ ಇನ್ನೊಂದು ಲಕೋಟೆ: "ಹಿಂದಿನ ಪತ್ರಕ್ಕೆ ಸಂಬಂಧಿಸಿದಂತೆ, ತಮ್ಮಿಂದ ಈವರೆಗೆ ಯಾವುದೇ ಉತ್ತರ ಬಂದಿರುವುದಿಲ್ಲ. ತಾವು ಜೊತೆಗೆ ಹೋಗುವುದು ಬಸ್ಸಿನವರೆಗೆ ಮಾತ್ರ ಎಂಬುದು ಗಮನಕ್ಕೆ ಬಂದಿದೆ."

ಅಂದು ಸಂಜೆ ಅವರು ಊಟದ ಮೇಜಿನ ಮೇಲೆ ಎರಡೂ ಪತ್ರ ಹರಡಿಕೊಂಡು ಸ್ವಂತ ಮನೆಯ ಕೇಸಿಗೆ ಲಕ್ಷಣ ಹಾಳೆ ಬರೆಯಲು ಕೂತರು. ಕೈ ತಾನಾಗಿ ಓಡಿತು: ಒಂಟಿ ಗಂಡಸು, ಕಾಯಂ ಕೆಲಸವಿಲ್ಲ, ಯಾರೊಂದಿಗೂ ಬೆರೆಯುವುದಿಲ್ಲ. ಅಷ್ಟಕ್ಕೆ ಪೆನ್ನು ನಿಂತಿತು. ಕಾಯಂ ಕೆಲಸವಿಲ್ಲದವನಿಗೆ "ಬಂದಿರುವುದಿಲ್ಲ" ಎಂದು ಬರೆಯುವ ದರ್ದೇನು?

ಮಗಳು ಪತ್ರವನ್ನು ಬೆಳಕಿಗೆ ಹಿಡಿದು ಕೇಳಿದಳು, "ಅಪ್ಪ, ಎಡಗಡೆ ಇಷ್ಟು ಜಾಗ ಯಾಕೆ ಬಿಟ್ಟಿದಾನೆ?"

ಎಡಗಡೆ ಎರಡು ಬೆರಳು ಜಾಗ ಖಾಲಿಯಿತ್ತು. ತೂತು ಹೊಡೆದು ದಾರ ಕಟ್ಟಿ ಕಡತಕ್ಕೆ ಸೇರಿಸಲು ಬಿಡುವ ಜಾಗ. ಅವರ ಕಚೇರಿಯವರು ಬಿಟ್ಟರೆ ಬೇರಾರೂ ಅಷ್ಟು ಜಾಗ ಬಿಡುವುದಿಲ್ಲ. ಅಜ್ಜಿ ಅಡುಗೆಮನೆಯಿಂದ ಸಾಮಾನಿನ ಚೀಟಿ ತಂದು ಪಕ್ಕದಲ್ಲಿಟ್ಟರು. ಮೇಷ್ಟರು ಬರೆದ ಚೀಟಿ. ಅದರಲ್ಲೂ ಎಡಗಡೆ ಎರಡು ಬೆರಳು.

"ನೀನೇ ಬರ್ದಿಲ್ಲ ತಾನೆ?" ಎಂದರು ಅಜ್ಜಿ. ತಮಾಷೆಗೆ ಕೇಳಿದ್ದಲ್ಲ.

ಮರುದಿನ ಮೇಷ್ಟರು ಕಚೇರಿಯ ಟೈಪಿಸ್ಟ್ ಬಳಿ ಹೋದರು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು.

"ಅಕ್ಕ, ಈ ಎರಡು ಕಾಗದ ನಿಮ್ಮ ಕೈದಾ?"

ಅಕ್ಕ ತಲೆ ಎತ್ತದೆ ನೋಡಿದರು. "ನಂದೇ. ಯಾಕೆ, ತಪ್ಪಾಯ್ತಾ?"

"ಯಾರು ಹೇಳಿದ್ದು?"

"ದೊಡ್ಡವರು. ಯಾವುದೋ ಹಳೇ ಕೇಸಲ್ಲಿ ಸಿಕ್ಕ ಪತ್ರ, ಕೋರ್ಟಿಗೆ ಚೆನ್ನಾಗಿ ಟೈಪ್ ಹೊಡ್ದು ಕೊಡಿ ಅಂದ್ರು. ಹೊಡ್ದೆ."

"ನಕಲು ಏನಾದ್ರೂ ಇದೆಯಾ?"

ಅಕ್ಕನಿಗೆ ಅವಮಾನವಾಯಿತು. "ಇದೆಯಾ ಅಂತ ಕೇಳ್ತೀರಲ್ಲ ಮೇಷ್ಟ್ರೇ! ನಕಲು ಇಟ್ಕೊಳ್ದೆ ಒಂದು ಕಾಗದಾನಾದ್ರೂ ಹೊರಗೆ ಬಿಟ್ಟಿದೀನಾ ನಾನು?"

ಕಪಾಟಿನಿಂದ ಕಡತ ಇಳಿಯಿತು. ಎರಡೂ ಪತ್ರಗಳ ಕಚೇರಿ ಪ್ರತಿಗಳು ಅಲ್ಲಿದ್ದವು. ಪ್ರತಿಯೊಂದರ ಹಿಂದೆ, ನಿಯಮದ ಪ್ರಕಾರ, ಮೂಲ ಕರಡನ್ನು ಪಿನ್ನು ಮಾಡಿತ್ತು. ನೀಲಿ ಶಾಯಿ, ದೊಡ್ಡವರ ದುಂಡನೆಯ ಅಕ್ಷರ. "ದೀಪ ಇಲ್ಲ" ಎಂದು ಮೊದಲು ಬರೆದು, ಹೊಡೆದುಹಾಕಿ, "ದೀಪ ಇಲ್ಲದಿರುವುದೂ" ಎಂದು ತಿದ್ದಿದ್ದರು. ಮೂವತ್ತು ವರ್ಷ ಬರೀ ಸಹಿ ಹಾಕಿದವರಿಗೆ, ಸಹಿ ಆದ ಮೇಲೆ ಕಾಗದ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿರುವುದಿಲ್ಲ. ಆ ಕೆಲಸಕ್ಕೆ ಅಕ್ಕನಂಥವರು ಇರುತ್ತಾರೆ, ಅವರ ಮುಖವನ್ನು ಯಾರೂ ನೋಡಿರುವುದಿಲ್ಲ.

ಪತ್ರದಲ್ಲಿರುವುದು ಯಾರ ಮಗಳು ಎಂದು ಮೇಷ್ಟರು ಹೇಳಿದಾಗ ಅಕ್ಕ ಎರಡೂ ಕಾಗದಗಳನ್ನು ಇನ್ನೊಮ್ಮೆ ಓದಿದರು. ಆಮೇಲೆ ಕರಡನ್ನು ಬಿಚ್ಚಿ ಕೊಟ್ಟರು. "ಪಡ್ಕೊಂಡಿದೀನಿ ಅಂತ ಒಂದು ಸಹಿ ಹಾಕಿ," ಎಂದರು.

ಮಧ್ಯಾಹ್ನ ಮೇಷ್ಟರು ದೊಡ್ಡವರ ಕೋಣೆಗೆ ಒಂದು ಹಾಳೆ ಹಿಡಿದು ಹೋದರು. ಕೂರಿ ಎಂದರೂ ಕೂರದೆ ಓದಿದರು:

"ವಯಸ್ಸು ಐವತ್ತಾರರ ಸುಮಾರು. ಸಂಸಾರಸ್ಥ. ದನಿ ಎತ್ತಿ ಮಾತಾಡುವುದಿಲ್ಲ. ಅಕ್ಕಪಕ್ಕದವರನ್ನು ಕೇಳಿದರೆ ಒಳ್ಳೆಯ ಮನುಷ್ಯ ಎನ್ನುತ್ತಾರೆ. ತಾನೇ ಕೈಯಾರೆ ಯಾವ ಕೆಟ್ಟ ಕೆಲಸವನ್ನೂ ಮಾಡುವುದಿಲ್ಲ, ಇನ್ನೊಬ್ಬರ ಕೈಯಲ್ಲಿ ಬರೆಸುತ್ತಾನೆ. ಬೆಳಗಿನ ವಾಕಿಂಗ್ ತಪ್ಪಿಸುವುದಿಲ್ಲ."

"ಚೆನ್ನಾಗಿದೆ," ಎಂದರು ದೊಡ್ಡವರು. "ಯಾವ ಕೇಸು?"

"ನಮ್ಮನೇದು ಸಾರ್. ಕರಡು ನನ್ನತ್ರ ಇದೆ."

ದೊಡ್ಡವರು ಕನ್ನಡಕ ತೆಗೆದು ಒರೆಸಿದರು. "ಕೋರ್ಟಿಗೆ ಕೊಡ್ತೀರಾ? ಕೊಡಿ. ಇವರ ಮಾತು ಯಾಕೆ ನಂಬಬೇಕು ಅಂತ ವಕೀಲರು ಕೇಳ್ತಾರೆ. ಆಗ ನಿಮ್ಮ ಹಾಳೆಗಳ ಮಾತು ಬರುತ್ತೆ. ತಾರೀಕುಗಳ ಮಾತು ಬರುತ್ತೆ. ನಲವತ್ತು ಇರಬಹುದಾ?"

"ನಲವತ್ತೊಂದು."

"ನೋಡಿ, ನನಗೆ ಅಷ್ಟು ನೆನಪಿರಲಿಲ್ಲ. ನಾನು ಮುಳುಗಿದ್ರೆ ನೀವೇನು ದಡದಲ್ಲಿ ನಿಂತಿರ್ತೀರಾ?" ಕನ್ನಡಕ ಹಾಕಿಕೊಂಡರು. "ಮಗು ಹುಷಾರಾಗಿದಾಳಾ?"

ಈ ಕೊನೆಯ ಪ್ರಶ್ನೆಯನ್ನು ಅವರು ಬಹಳ ಪ್ರೀತಿಯಿಂದ ಕೇಳಿದರು. ಕೆಟ್ಟವನೆಂದರೆ ಕಣ್ಣು ಕೆಂಪಗಿರಬೇಕು, ಗಲ್ಲದ ಮೇಲೆ ಗಾಯದ ಕಲೆ ಇರಬೇಕು ಎಂದು ನಮಗೆ ಕಲಿಸಿದವರು ಯಾರೋ ಗೊತ್ತಿಲ್ಲ. ಇಂಥ ದೊಡ್ಡವರೇ ಕಲಿಸಿರಬೇಕು, ಅದರಿಂದ ಅವರಿಗೆ ಅನುಕೂಲ.

ಆ ಸಂಜೆ ಮೇಷ್ಟರು ಮನೆಯವರನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದರು. ಹೇಳದೆ ವಿಧಿಯಿರಲಿಲ್ಲ. ಪತ್ರವನ್ನು ಕೋರ್ಟಿಗೆ ಕೊಟ್ಟರೆ ಮಗಳ ಮೇಲೆ ಕಣ್ಣಿಟ್ಟವನ ಮುಖ ಊರಿಗೆಲ್ಲ ತಿಳಿಯುತ್ತದೆ, ಆಮೇಲೆ ಅವಳನ್ನು ಮುಟ್ಟಲು ಅವನಿಗೆ ಧೈರ್ಯ ಬರುವುದಿಲ್ಲ. ಕೊಡದಿದ್ದರೆ ಕ್ಯಾನಿನವನ ಬಗ್ಗೆ ಸುಳ್ಳು ಬರೆಯಬೇಕು, ಮುಂದಿನ ಸಲ ಇನ್ನೊಬ್ಬನ ಬಗ್ಗೆ. ಆದರೆ ಕೊಟ್ಟರೆ ನಲವತ್ತೊಂದನ್ನೂ ಒಪ್ಪಿಕೊಳ್ಳಬೇಕು.

ಹೆಂಡತಿ ಕೇಳಿದರು, "ನಲವತ್ತೊಂದು ಜನಾನಾ?"

"ಹೂಂ."

"ಇಷ್ಟು ವರ್ಷ ಮನೆಗೆ ಬಂದು ಕೈಕಾಲು ತೊಳ್ಕೊಂಡು ಊಟ ಮಾಡ್ತಿದ್ರಲ್ರೀ."

ಮಗಳು, "ನಂಗೋಸ್ಕರ ಮುಚ್ಚಿಡ್ಬೇಡಿ. ಕೊಡಿ," ಎಂದು ಎದ್ದು ಹೋದಳು.

ಕ್ಯಾನಿನವನಿಗೆ ಸರ್ಕಾರ ಕೊಟ್ಟಿದ್ದ ವಕೀಲೆಯನ್ನು ಮೇಷ್ಟರು ಹೋಗಿ ಕಂಡರು, ಆಕೆ ಅವರನ್ನು ಸಾಕ್ಷಿಯಾಗಿ ಕರೆದಳು. ಕಟಕಟೆಯಲ್ಲಿ ನಿಂತು ಮೇಷ್ಟರು ಕರಡು ಕೊಟ್ಟರು, ಅಂಚೆಯಮ್ಮನ ಕೇಸಿನಲ್ಲಿ ವಾಪಸು ಬಂದ ಹಾಳೆ ಕೊಟ್ಟರು, ನಲವತ್ತೊಂದು ಕೇಸುಗಳ ಸಂಖ್ಯೆ ಬರೆದ ಪಟ್ಟಿ ಕೊಟ್ಟರು. ನ್ಯಾಯಾಧೀಶರು ಪಟ್ಟಿಯನ್ನು ಓದುತ್ತಾ ಹೋದರು. ಆರನೆಯ ಸಾಲಿಗೆ ಬಂದು ನಿಂತರು. ಆ ಕೇಸಿನಲ್ಲಿ ತೀರ್ಪು ಕೊಟ್ಟವರು ಅವರೇ. ಅಂದಿನ ತೀರ್ಪಿನಲ್ಲಿ ಲಕ್ಷಣ ಹಾಳೆಯನ್ನು "ಅದ್ಭುತ" ಎಂದು ಹೊಗಳಿದ್ದರು. ನೀರು ತರಿಸಿ ಕುಡಿದರು.

ಕ್ಯಾನಿನವನು ಬಿಡುಗಡೆಯಾದ. ಅಣ್ಣನ ಮಗ ಒಳಗೆ ಹೋದ, ಎದೆನೋವೆಂದು ಆಸ್ಪತ್ರೆಯಲ್ಲೇ ಇದ್ದಾನೆ. ದೊಡ್ಡವರ ಮೇಲೆ ವಿಚಾರಣೆ ನಡೆಯುತ್ತಿದೆ. ಅದು ಮುಗಿಯುವವರೆಗೆ ಅವರನ್ನು ತರಬೇತಿ ಶಾಲೆಗೆ ಹಾಕಿದ್ದಾರೆ, ಹೊಸ ಪೇದೆಗಳಿಗೆ ಸಾಕ್ಷ್ಯ ಕಾಪಾಡುವುದು ಹೇಗೆಂದು ಕಲಿಸುತ್ತಾರೆ. ಇದು ನಾನು ಹುಟ್ಟಿಸಿದ ತಮಾಷೆಯಲ್ಲ, ಆದೇಶದಲ್ಲಿದೆ. ಮೇಷ್ಟರ ಕೆಲಸ ಹೋಯಿತು. ಸುಳ್ಳು ದಾಖಲೆ ಸೃಷ್ಟಿಸಿದ್ದಕ್ಕೆ ಅವರ ಮೇಲೂ ಕೇಸಿದೆ, ಸದ್ಯ ಜಾಮೀನಿನ ಮೇಲಿದ್ದಾರೆ. ಅಕ್ಕನಿಗೆ ನೋಟಿಸು ಬಂತು: ಮೇಲಧಿಕಾರಿಯ ಅನುಮತಿಯಿಲ್ಲದೆ ಕಡತದಿಂದ ಕಾಗದ ಹೊರಗೆ ಕೊಟ್ಟಿದ್ದೇಕೆ? ಅಕ್ಕ ಅದರ ನಕಲು ಇಟ್ಟುಕೊಂಡಿದ್ದಾರೆ.

ಮೇಷ್ಟರು ಸಾಕ್ಷಿ ಮುಗಿಸಿ ಮನೆಗೆ ಬಂದ ದಿನ ಮಗಳು ಬಾಗಿಲಲ್ಲೇ ನಿಂತು ಕೇಳಿದಳು.

"ಆ ನಲವತ್ತೊಂದರಲ್ಲಿ ನಿಜವಾಗ್ಲೂ ಮಾಡಿದವ್ರು ಎಷ್ಟು ಜನ?"

"ಗೊತ್ತಿಲ್ಲ."

"ನಿಮಗೂ ಗೊತ್ತಿಲ್ವಾ?"

"ನಾನು ಹೋಗೋ ಹೊತ್ತಿಗೆ ಅವರು ಒಳಗಿದ್ರು. ಮಾಡಿರಬಹುದು ಅಂದ್ಕೊಂಡೆ."

"ಈಗ ಎಷ್ಟು ಜನ ಇನ್ನೂ ಒಳಗಿದಾರೆ?"

"ಒಂಬತ್ತು."

"ಅವ್ರಿಗೆ ಮಕ್ಕಳಿದಾರಾ?"

ಇಪ್ಪತ್ತೆರಡು ವರ್ಷ ಕಂಡರಿಯದವರ ವಯಸ್ಸು, ಓದು, ಸಿಟ್ಟಿನ ಬಗೆ ಬರೆದ ಮನುಷ್ಯ ಬಗ್ಗಿ ಚಪ್ಪಲಿ ಬಿಡುತ್ತಾ ನಿಂತರು. ಹಾಳೆಯಲ್ಲಿ ಆ ಅಂಕಣವೇ ಇರಲಿಲ್ಲ.

ಪತ್ರಗಳು ಮತ್ತೆ ಬರಲಿಲ್ಲ. ಮಗಳ ಓದು ಮುಗಿಯುತ್ತಾ ಬಂದಿದೆ, ಬೆಳಿಗ್ಗೆ ಯಾರ ಕಾವಲೂ ಇಲ್ಲದೆ ಹೋಗಿಬರುತ್ತಾಳೆ. ರಾತ್ರಿ ಊಟಕ್ಕೆ ತಟ್ಟೆ ಹಾಕಿ, "ಅಜ್ಜಿ, ಅವ್ರಿಗೆ ಬರೋಕೆ ಹೇಳಿ," ಎನ್ನುತ್ತಾಳೆ. ಮೂರು ಹೆಜ್ಜೆ ದೂರದಲ್ಲಿ ಕೂತ ಮೇಷ್ಟರಿಗೆ ಅಜ್ಜಿ ದೊಡ್ಡ ದನಿಯಲ್ಲಿ ಹೇಳುತ್ತಾರೆ. ಅವರು ಎದ್ದು ಬಂದು, ಯಾರ ಮುಖವನ್ನೂ ನೋಡದೆ, ಹಾಕಿದಷ್ಟು ತಿನ್ನುತ್ತಾರೆ.