ಖಾಲಿಯಾಗಿ ಬಂದ ಊಟದ ಡಬ್ಬಿ

ಪುಣೆಗೆ ಬಂದ ಹೊಸದರಲ್ಲಿ ಗುಳೇದಗುಡ್ಡದ ಕುಪ್ಪಸದ ಖಣಗಳ ಗಂಟು ಹೊತ್ತು ಮನೆಮನೆ ತಿರುಗಿದವಳು ನಾನು. ಈಗ ಸ್ವಂತ ಅಂಗಡಿಯಿದೆ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದ ಗಿರಾಕಿ ಕಡಿಮೆ. ಹಾಗಾಗಿ ಜೂನ್‌ನಲ್ಲಿ ಶಾಲೆಯ ಮುಖ್ಯಾಧ್ಯಾಪಕಿ, "ನಿಮ್ಮ ಮಗಳ ವರ್ಗಾವಣೆ ಪತ್ರ, ಎಲ್‌ಸಿ, ತೆಗೆದುಕೊಂಡು ಬೇರೆ ಶಾಲೆ ನೋಡಿ" ಎಂದಾಗಲೂ ಚೌಕಾಸಿಗೇ ಕುಳಿತೆ. ಐದನೆಯ ತರಗತಿಯ ಹುಡುಗಿ ಕೂತಲ್ಲಿ ಕೂರುವುದಿಲ್ಲ, ಕೊಟ್ಟ ಕೆಲಸ ಅರ್ಧಕ್ಕೇ ಬಿಡುತ್ತಾಳೆ ಎಂಬುದು ಅವರ ದೂರು. ದೀಪಾವಳಿಗೆ ಮುಂಚಿನ ಪರೀಕ್ಷೆಯವರೆಗೆ ಗಡುವು ಪಡೆದು ಡಾಕ್ಟರ ಬಳಿ ಹೋದೆ.

ಎಡಿಎಚ್‌ಡಿ ಎಂದರು ಅವರು. ಹಟವೂ ಅಲ್ಲ, ಸೋಮಾರಿತನವೂ ಅಲ್ಲ. ಮನಸ್ಸನ್ನು ಒಂದೆಡೆ ಹಿಡಿದು ನಿಲ್ಲಿಸುವ, ಕೈಕಾಲನ್ನು ತಡೆಯುವ ಶಕ್ತಿಯೇ ಮೆದುಳಿನಲ್ಲಿ ಬೇರೆ ರೀತಿ ಕೆಲಸ ಮಾಡುತ್ತದಂತೆ. "ದೊಡ್ಡವರಲ್ಲೂ ಇರುತ್ತದೆ. ಮನೆಯಲ್ಲಿ ಬೇರೆ ಯಾರಾದರೂ?" ಎಂದು ಕೇಳಿದರು. ಇಲ್ಲವೆಂದೆ.

ಗುಳಿಗೆ ಶುರುವಾದ ಮೇಲೆ ಮಗಳು ಹಲಗೆಯ ಮೇಲಿನ ಲೆಕ್ಕವನ್ನು ಮೊದಲ ಬಾರಿ ಪೂರ್ತಿ ಬರೆದುಕೊಂಡು ಬಂದಳು. ಆದರೆ ಊಟದ ಡಬ್ಬಿ ತುಂಬಿದ್ದು ತುಂಬಿದಂತೆ ವಾಪಸ್ ಬರತೊಡಗಿತು. ಮಧ್ಯಾಹ್ನ ಹಸಿವು ಕುಗ್ಗಬಹುದು, ಬೆಳಿಗ್ಗೆ ಚೆನ್ನಾಗಿ ತಿನ್ನಿಸಿ ಗುಳಿಗೆ ಕೊಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕೊಡುವವರು ಅತ್ತೆ, ನಾನು ಬೆಳಗಾದರೆ ಅಂಗಡಿಯಲ್ಲಿ. ವಿಜಯಪುರದ ಕಡೆಯ ನಮ್ಮ ಮನೆಗಳಲ್ಲಿ ಮಗು ರೊಟ್ಟಿ ಬಿಟ್ಟು ಎದ್ದರೆ ಅದಕ್ಕಿಂತ ದೊಡ್ಡ ಕಾಯಿಲೆ ಬೇರೊಂದಿಲ್ಲ.

ಗಣಪತಿ ಹಬ್ಬ ಕಳೆದ ಮೇಲೆ ಡಬ್ಬಿ ಖಾಲಿಯಾಗಿ ಬಂತು. ಹಸಿವು ಮರಳಿತೆಂದು ಹಿಗ್ಗಿದೆ. ಪರೀಕ್ಷೆಯ ದಿನ ಶಾಲೆಯಿಂದ ಫೋನು ಬಂತು. ಮಗಳು ಬರೆಯುತ್ತಿದ್ದವಳು ಎದ್ದು, ಎರಡನೆಯ ಮಹಡಿಯ ಕಿಟಕಿಯ ಕಟ್ಟೆ ಹತ್ತಿ ನಿಂತಿದ್ದಳು; ಟೀಚರು ಹಿಡಿದು ಇಳಿಸಿದ್ದರು.

ಮನೆಗೆ ಬಂದು ಗುಳಿಗೆಯ ಬಗ್ಗೆ ಕೇಳಿದರೆ ಅತ್ತೆ ಮುಚ್ಚಿಡಲೇ ಇಲ್ಲ.

"ಗುಳಿಗಿ ನಾನಽ ಬಿಡಿಸೀನಿ. ಕೂಸು ತುತ್ತು ಮುಟ್ಟವಲ್ದಾಗಿತ್ತು. ಈಗ ನೋಡು, ಡಬ್ಬಿ ನೆಕ್ಕಿ ತರ್ತದ."

"ಅತ್ತಿ, ಶಾಲಿ ಬಿಡಸ್ತಾರ್ರಿ!"

"ಹೆದರಿಸಬ್ಯಾಡ. ನಿನ್ನ ಗಂಡನೂ ಹಿಂಗಽ ಇದ್ದ. ಬಾರಕೋಲು ಹಿಡಿದು ತಿದ್ದಲಿಲ್ಲೇನು ನಾನು?"

ನನ್ನ ಗಂಡ ಸೋಫಾದ ಸಂದಿಯಲ್ಲಿ ಗಾಡಿಯ ಕೀಲಿ ಹುಡುಕುತ್ತಿದ್ದರು. ತಲೆ ಎತ್ತದೆಯೇ ಅಂದರು: "ತಿದ್ದಿಲ್ಲವ್ವಾ. ಅಂಜೂದು ಕಲಿಸಿದಿ, ಅಷ್ಟಽ. ಇನ್ನೂ ಅಂಜತೀನಿ."

ಅತ್ತೆ ಒಲೆ ಆರಿಸಿ ಅಲ್ಲೇ ನಿಂತುಬಿಟ್ಟರು. ನನಗೆ ಆಗ ನನ್ನ ಗಂಡ ಬಿಟ್ಟ ನೌಕರಿಗಳು, ಅರ್ಧ ಬಣ್ಣ ಹಚ್ಚಿ ನಿಲ್ಲಿಸಿದ ಬಾಲ್ಕನಿಯ ಸರಳುಗಳು, ಡಾಕ್ಟರಿಗೆ ನಾನು ಕೊಟ್ಟ ಉತ್ತರ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು.

ಮರುದಿನ ಶಾಲೆಯಲ್ಲಿ ನನ್ನ ವಿದ್ಯೆಯನ್ನೆಲ್ಲ ಸುರಿದೆ. ಗುಳಿಗೆ ತಪ್ಪಿತ್ತು, ಮತ್ತೆ ಡಾಕ್ಟರನ್ನು ಕಾಣುತ್ತೇವೆ, ಮಗಳನ್ನು ನೋಡಿಕೊಳ್ಳಲು ಆಯಾ ಇಡಿ, ಸಂಬಳ ನನ್ನದು ಎಂದೆ. ಮುಖ್ಯಾಧ್ಯಾಪಕಿ ಮರಾಠಿಯಲ್ಲಿ ಮೆಲ್ಲಗೆ ಕೇಳಿದರು: "ಬಿದ್ದಿದ್ದರೆ ಯಾರ ಹತ್ತಿರ ಚೌಕಾಸಿ ಮಾಡುತ್ತಿದ್ದಿರಿ?"

ಎಲ್‌ಸಿಯ ಅರ್ಜಿ ಎಳೆದುಕೊಂಡು ಸಹಿ ಹಾಕಿದೆ.

ಇಂಥ ಮಗುವಿರುವವರಿಗೆ ನನ್ನದೊಂದು ಮಾತು. ಡಾಕ್ಟರ ಬಳಿ ಹೋಗುವಾಗ ಮನೆಯಲ್ಲಿ ರೊಟ್ಟಿ ಬಡಿಯುವವರನ್ನು ಮೊದಲು ಕರೆದೊಯ್ಯಿರಿ. ಗುಳಿಗೆಯ ಗುಣ, ಅವಗುಣ ಎರಡನ್ನೂ ಅವರೇ ಕಿವಿಯಾರೆ ಕೇಳಲಿ, ಅವರೇ ತಿರುಗಿ ಪ್ರಶ್ನೆ ಹಾಕಲಿ. ನಮ್ಮತ್ತೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಕಣ್ಣಿಗೆ ಕಂಡ ಹಸಿವನ್ನು ಅವರು ನಂಬಿದರು.

ಎಲ್‌ಸಿ ಕೈಗೆ ಬರುವವರೆಗೆ ಅಪ್ಪ ಮಗಳು ಆಫೀಸಿನ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು.

"ಅಪ್ಪಾ, ಹೊಸಾ ಶಾಲ್ಯಾಗ ನಾ ಹೆಂಗ ಇರಬೇಕು?"

"ನನಗೂ ಇನ್ನೂ ಗೊತ್ತಾಗಿಲ್ಲ ನೋಡವಾ."

ಇಬ್ಬರ ಮೊಣಕಾಲುಗಳೂ ಒಂದೇ ಸಮನೆ ಅಲುಗುತ್ತಿದ್ದವು.